ಸೋಸಿದ ನೀರು, ಸೋಸದ ಲೆಕ್ಕ

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕನ ಮೊದಲ ಗುರುತು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಕೊಡವಿ ಎಸೆಯದೆ, ನೀರು ಸೇದಿದ ಅದೇ ಬಾವಿಗೆ ಮೆಲ್ಲಗೆ ಹಿಂದಿರುಗಿಸಬೇಕೆಂಬ ವಿಧಿಯೂ ಇದೆ. ಈ ವಿಧಿಯ ಅರ್ಥ ಸರಳ: ನೀರನ್ನು ಬಳಸಿದವನ ಹೊಣೆ ಅವನ ಲೋಟದಲ್ಲಿ ಮುಗಿಯುವುದಿಲ್ಲ, ನೀರಿನ ಮೂಲದವರೆಗೂ ಅದು ಹಿಂದಿರುಗಿ ಹೋಗುತ್ತದೆ. ಇಷ್ಟು ಸೂಕ್ಷ್ಮವಾದ ಹೊಣೆಗಾರಿಕೆಯನ್ನು ಮನೆಯ ಅಡುಗೆಕೋಣೆಯಲ್ಲಿ ಶತಮಾನಗಳಿಂದ ಪಾಲಿಸಿಕೊಂಡು ಬಂದ ಸಮಾಜವು ತನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಅದನ್ನು ಏಕೆ ಮರೆಯುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ. ಉದಾಹರಣೆಗೆ ನಾನು ಆರಿಸಿಕೊಂಡಿರುವ ವಸ್ತು ಜೀನ್ಸ್ ಪ್ಯಾಂಟು.

ನಮ್ಮ ಯುವಕರು ಇಂದು ಸಣ್ಣ ಸಣ್ಣ ಡೆನಿಮ್ ಉದ್ಯಮಗಳನ್ನು ಆರಂಭಿಸುತ್ತಿದ್ದಾರೆ. ಗಿರಣಿಯಿಂದ ಬಟ್ಟೆ, ಗುತ್ತಿಗೆಗೆ ಹೊಲಿಗೆ, ಮತ್ತೊಬ್ಬರಲ್ಲಿ ತೊಳೆತ, ಮೊಬೈಲಿನಲ್ಲಿ ಮಾರಾಟ. ಬಂಡವಾಳ ಕಡಿಮೆ, ಉತ್ಸಾಹ ಹೆಚ್ಚು. ಪರರ ನೌಕರಿಗಿಂತ ಸ್ವಂತ ವ್ಯಾಪಾರವನ್ನು ಬಯಸುವ ನಮ್ಮ ಹಳೆಯ ಸ್ವಭಾವಕ್ಕೆ ಇದು ಒಪ್ಪುವಂಥದ್ದೇ. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಈ ಉದ್ಯಮಗಳ ಚೀಟಿಗಳ ಮೇಲೆ ‘ಅಹಿಂಸಾತ್ಮಕ’, ‘ಪರಿಸರಸ್ನೇಹಿ’, ‘ಸುಸ್ಥಿರ’ ಎಂಬ ಪದಗಳನ್ನು ಕಂಡಾಗ ಲೆಕ್ಕಪರಿಶೋಧಕನ ಕಣ್ಣು ಸಹಜವಾಗಿ ವೋಚರನ್ನು ಹುಡುಕುತ್ತದೆ. ಚರ್ಮದ ಪಟ್ಟಿಯ ಬದಲು ಕಾಗದದ ಪಟ್ಟಿ ಹೊಲಿದಿದ್ದೇವೆ ಎಂಬುದಷ್ಟೇ ಅಹಿಂಸೆಗೆ ಆಧಾರವಾದರೆ ಆ ವೋಚರು ಸಾಲದು.

ಡೆನಿಮ್ ನಮ್ಮ ನೆಲಕ್ಕೆ ಹೊರಗಿನದೇನೂ ಅಲ್ಲ. ‘ಡಂಗರಿ’ ಎಂಬ ಹೆಸರು ಮುಂಬಯಿಯ ಡೋಂಗ್ರಿಯಿಂದ ಹೋದದ್ದು. ಇಂಡಿಗೊ ಎಂಬ ಹೆಸರಿನಲ್ಲೇ ಇಂಡಿಯಾ ಇದೆ. 1873ರಲ್ಲಿ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಬಟ್ಟೆಗಲ್ಲ, ಜೇಬಿನ ಮೂಲೆಗೆ ಹಾಕುವ ತಾಮ್ರದ ಗುಬ್ಬಿಗೆ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಗಿಡದ ನೀಲಿ ಹಿಂದೆ ಸರಿಯಿತು. ನಾನಿರುವ ಖಡಕಿ ದಂಡುಪ್ರದೇಶ; 1817ರ ನವೆಂಬರ್ 5ರ ಯುದ್ಧದಲ್ಲಿ ಪೇಶ್ವೆಯ ಸೈನ್ಯ ಹಿಮ್ಮೆಟ್ಟಿದ ನೆಲ. ಬಳ್ಳಾರಿಯೂ ಒಂದು ಕಾಲದ ದಂಡುಪ್ರದೇಶವೇ. ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕಸುಬಿನಿಂದಲೇ ಅಲ್ಲಿನ ಜೀನ್ಸ್ ಉದ್ಯಮ ಬೆಳೆಯಿತೆಂದು ಆ ಊರಿನವರು ಹೇಳುತ್ತಾರೆ. ಸಿಪಾಯಿಯ ಖಾಕಿ ಡ್ರಿಲ್ಲೂ ಡೆನಿಮ್ಮೂ ಎರಡೂ ಟ್ವಿಲ್ ನೇಯ್ಗೆಯವೇ ಎಂಬುದನ್ನು ನೆನೆದರೆ ಆ ಮಾತು ನಂಬಲು ಕಷ್ಟವಲ್ಲ.

ಈ ಎರಡು ಊರುಗಳನ್ನು ಜೊತೆಗಿಡಲು ಇನ್ನೊಂದು ಕಾರಣವಿದೆ. ಖಡಕಿಯ ಅಂಚಿನಲ್ಲಿ ಹರಿಯುವ ಮುಳಾ ನದಿ ಪುಣೆಯಲ್ಲಿ ಮುಠೆಯನ್ನು ಕೂಡಿ, ಮುಂದೆ ಭೀಮೆಯನ್ನು ಸೇರಿ, ಉಜನಿ ಜಲಾಶಯವನ್ನು ದಾಟಿ, ಸೊಲ್ಲಾಪುರ ಜಿಲ್ಲೆಯ ಮೂಲಕ ವಿಜಯಪುರ, ಕಲಬುರಗಿಗಳ ಹೊಲಗಳಿಗೆ ಬರುತ್ತದೆ. ರಾಯಚೂರಿನ ಬಳಿ ಕೃಷ್ಣೆಯಾಗುತ್ತದೆ. ಬಳ್ಳಾರಿಯ ಸೀಮೆಯ ನೀರು ತುಂಗಭದ್ರೆಯ ಮೂಲಕ ಅದೇ ಕೃಷ್ಣೆಯನ್ನು ಸೇರುತ್ತದೆ. ಪುಣೆಯಲ್ಲಿ ಕೂತು ವ್ಯಾಪಾರ ಮಾಡುವ ಕನ್ನಡ ಜೈನನೊಬ್ಬ ತಾನು ಮೋರಿಗೆ ಬಿಟ್ಟದ್ದು ತನ್ನ ನೆಂಟರ ಊರಿನ ದಿಕ್ಕಿಗೇ ಹರಿಯುತ್ತದೆಂಬುದನ್ನು ಭೂಪಟ ನೋಡಿ ತಿಳಿಯಬಹುದು. ನೀರು ಸೇದಿದ ಬಾವಿಗೆ ಜೀವವನ್ನು ಹಿಂದಿರುಗಿಸಬೇಕೆಂಬ ವಿಧಿಗೆ ಇದಕ್ಕಿಂತ ದೊಡ್ಡ ಬಾವಿ ಬೇಕೇ?

ಇನ್ನು ತೊಳೆತದ ವಿಚಾರ. ಹೊಲಿದು ಬಂದ ಹೊಸ ಜೀನ್ಸ್ ಗಟ್ಟಿಯಾಗಿ, ಕಡುನೀಲಿಯಾಗಿ ಇರುತ್ತದೆ. ಅದನ್ನು ಹಳೆಯದರಂತೆ ಕಾಣಿಸುವುದೇ ತೊಳೆತದ ಉದ್ದೇಶ. ಪ್ಯೂಮಿಸ್ ಕಲ್ಲುಗಳೊಡನೆ ಯಂತ್ರದಲ್ಲಿ ತಿರುಗಿಸುತ್ತಾರೆ. ಕ್ಲೋರಿನ್ ಚಲುವೆಯಲ್ಲಿ ಮುಳುಗಿಸುತ್ತಾರೆ. ತೊಡೆಯ ಭಾಗ ಬಿಳಿಚಲೆಂದು ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಾರೆ. ಅದನ್ನು ಸಿಂಪಡಿಸುವ ಹುಡುಗನ ಮೂಗಿಗೆ ಎಷ್ಟೋ ಸಲ ಕರವಸ್ತ್ರವೊಂದೇ ರಕ್ಷಣೆ. ಮರಳು ಚಿಮ್ಮಿಸಿ ಬಟ್ಟೆಯನ್ನು ಸವೆಸುತ್ತಿದ್ದ ಟರ್ಕಿಯಲ್ಲಿ ಆ ಕೆಲಸಗಾರರ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ಕಾಣಿಸಿಕೊಂಡು, 2009ರಲ್ಲಿ ಆ ಸರ್ಕಾರ ಮರಳುಸಿಡಿತವನ್ನೇ ನಿಷೇಧಿಸಬೇಕಾಯಿತು. ಒಂದು ವಸ್ತ್ರ ಹಳೆಯದೆಂದು ತೋರಲಿ ಎಂಬ ಒಂದೇ ಕಾರಣಕ್ಕೆ ಮನುಷ್ಯರು ಉಸಿರು ಕಳೆದುಕೊಂಡರು.

ಇಲ್ಲಿ ನಮ್ಮವರು ಒಂದು ಶಾಸ್ತ್ರೀಯ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಉದ್ಯೋಗದಲ್ಲಿ ಆಗುವ ಹಿಂಸೆ ಅನಿವಾರ್ಯ ಎಂಬುದು ಆ ಉತ್ತರ. ಈ ವರ್ಗೀಕರಣವನ್ನು ನಾನು ಅಲ್ಲಗಳೆಯುವುದಿಲ್ಲ. ಬೇಸಾಯಗಾರನೂ ವ್ಯಾಪಾರಿಯೂ ಬದುಕಲೆಂದು ನಮ್ಮ ಹಿರಿಯರು ತೋರಿದ ವಿವೇಕವದು. ಆದರೆ ಅನಿವಾರ್ಯವಾದದ್ದಕ್ಕೆ ಕೊಟ್ಟ ವಿನಾಯಿತಿಯನ್ನು ಅಗ್ಗವಾದದ್ದಕ್ಕೆ ವಿಸ್ತರಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಯತ್ನಾಚಾರವಿದ್ದಲ್ಲಿ ಮಾತ್ರ ಆ ವಿನಾಯಿತಿ ನಿಲ್ಲುತ್ತದೆ. ಸಂಸ್ಕರಣೆಯುಳ್ಳ ತೊಳೆತದ ಘಟಕ ಇನ್ನೊಂದು ಬೀದಿಯಲ್ಲಿದ್ದು, ತುಂಡೊಂದಕ್ಕೆ ಕೆಲವು ರೂಪಾಯಿ ಉಳಿಯುತ್ತದೆಂದು ಮೋರಿಗೆ ಬಿಡುವವನ ಬಳಿ ಹೋದರೆ, ಅದು ಉದ್ಯೋಗೀ ಹಿಂಸೆಯಲ್ಲ. ಲೆಕ್ಕ ಹಾಕಿ ಆರಿಸಿಕೊಂಡ ಹಿಂಸೆ. ಲೆಕ್ಕ ಹಾಕುವುದಕ್ಕೇ ಸಂಕಲ್ಪವೆಂದು ಹೆಸರು.

ಎರಡನೆಯ ಆಶ್ರಯ, ‘ನಾವು ತೊಳೆಯುವುದಿಲ್ಲ, ತೊಳೆಯಿಸುತ್ತೇವೆ’ ಎಂಬುದು. ಬಣ್ಣ ಮತ್ತು ತೊಳೆತದ ಘಟಕಗಳ ಮೇಲೆ ಮಾಲಿನ್ಯ ನಿಯಂತ್ರಣದ ಕಾನೂನು ಬಿಗಿಯಾಗಿದೆ. ಬರಿಯ ಹೊಲಿಗೆಯ ಮೇಲೆ ಸಡಿಲವಾಗಿದೆ. ಆದ್ದರಿಂದ ಉದ್ಯಮಿಯ ಪುಸ್ತಕದಲ್ಲಿ ಹೊಲಿಗೆಯಷ್ಟೇ ಇರುತ್ತದೆ, ತೊಳೆತವು ‘ಜಾಬ್‌ವರ್ಕ್ ವೆಚ್ಚ’ ಎಂಬ ಒಂದು ಸಾಲಾಗಿ ಕರಗಿಹೋಗುತ್ತದೆ. ಸರ್ಕಾರದ ಕಣ್ಣಿಗೆ ಇದು ಸಾಕಾಗಬಹುದು. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಹಿಂಸಾಣುವ್ರತವನ್ನು ವಿವರಿಸುವಾಗ ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರನ್ನೂ ಒಟ್ಟಿಗೆ ಹೇಳುತ್ತದೆ. ಕೃತ, ಕಾರಿತ, ಅನುಮೋದನ: ಇವುಗಳಲ್ಲಿ ಉಪಗುತ್ತಿಗೆಗೆ ಪ್ರತ್ಯೇಕ ಕಾಲಮಿಲ್ಲ. ಅದೇ ಗ್ರಂಥವು ಅನರ್ಥದಂಡದ ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುತ್ತ, ಮಣ್ಣು ನೀರು ಬೆಂಕಿ ಗಾಳಿಗಳನ್ನು ಪ್ರಯೋಜನವಿಲ್ಲದೆ ಕೆದಕುವುದನ್ನು ದೋಷವೆನ್ನುತ್ತದೆ. ಹೊಸ ಪ್ಯಾಂಟನ್ನು ಹಳೆಯದೆಂದು ತೋರಿಸಲು ನೀರು ಸುರಿಯುವುದಕ್ಕಿಂತ ನಿಷ್ಪ್ರಯೋಜಕವಾದ ಬೇರೊಂದು ಕಾರ್ಯವನ್ನು ಆಚಾರ್ಯರು ಊಹಿಸಿರಲಾರರು.

ಶ್ವೇತಾಂಬರ ಪರಂಪರೆಯ ಬಂಧುಗಳಿಗೂ ಒಂದು ಮಾತು. ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ಅರಗಿನೊಡನೆ ನೀಲಿಯನ್ನೂ ಹೆಸರಿಸಿದ್ದಾರೆ. ಕೆರೆಕೊಳಗಳನ್ನು ಬತ್ತಿಸುವ ಸರಃಶೋಷವೂ ಅದೇ ಪಟ್ಟಿಯಲ್ಲಿದೆ. ಹನ್ನೆರಡನೆಯ ಶತಮಾನದ ಆ ಪಟ್ಟಿಯನ್ನು ಇಂದು ಅಕ್ಷರಶಃ ಅನ್ವಯಿಸಿ ಜೀನ್ಸ್ ವ್ಯಾಪಾರವನ್ನೇ ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಬಟ್ಟೆಯ ಬಣ್ಣ ಮತ್ತು ಊರಿನ ನೀರು ಶ್ರಾವಕನ ಧರ್ಮಕ್ಕೆ ಸಂಬಂಧಿಸಿದ ವಿಷಯಗಳೇ ಅಲ್ಲವೆಂದು ಯಾರಾದರೂ ವಾದಿಸಿದರೆ, ಅವರು ತಮ್ಮದೇ ಆಚಾರ್ಯರನ್ನು ಓದಿಲ್ಲವೆಂದಷ್ಟೇ ಹೇಳುತ್ತೇನೆ.

ಈಗ ಅಂಕಿಗಳಿಗೆ ಬರೋಣ. ಲೆವಿ ಸ್ಟ್ರಾಸ್ ಕಂಪನಿ 2015ರಲ್ಲಿ ಪ್ರಕಟಿಸಿದ ತನ್ನದೇ ಅಧ್ಯಯನದ ಪ್ರಕಾರ ಒಂದು ಜೋಡಿ ಜೀನ್ಸ್ ತನ್ನ ಇಡೀ ಆಯುಷ್ಯದಲ್ಲಿ ಸುಮಾರು 3,781 ಲೀಟರ್ ನೀರನ್ನು ಬಳಸುತ್ತದೆ. ಇದರಲ್ಲಿ ಶೇಕಡಾ 68 ಹತ್ತಿಯ ಬೆಳೆಗೆ, ಶೇಕಡಾ 23 ಕೊಂಡವನ ಮನೆಯ ಒಗೆತಕ್ಕೆ. ಕಾರ್ಖಾನೆಯ ಪಾಲು ಉಳಿದದ್ದರಲ್ಲಿ ಅಡಗಿದೆ. ಇದನ್ನು ತೋರಿಸಿ, ‘ನೋಡಿ, ತೊಳೆತದ ಪಾಲು ಅಲ್ಪ, ತಪ್ಪೆಲ್ಲ ರೈತನದು ಮತ್ತು ಗ್ರಾಹಕನದು’ ಎನ್ನುವವರಿದ್ದಾರೆ. ಸರಾಸರಿಯ ಹಿಂದೆ ಅಡಗುವ ಈ ಚಾತುರ್ಯ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಪರಿಚಿತ. ಹತ್ತಿಯ ನೀರು ಸಾವಿರಾರು ಎಕರೆಗಳಲ್ಲಿ ಹರಡಿರುತ್ತದೆ. ತೊಳೆತದ ನೀರು ಒಂದು ಬಡಾವಣೆಯ ಒಂದು ಚರಂಡಿಯಲ್ಲಿ, ಬಣ್ಣ, ಉಪ್ಪು, ಚಲುವೆ, ಕಲ್ಲಿನ ಕೆಸರುಗಳೊಡನೆ ಒಟ್ಟಾಗಿ ಬೀಳುತ್ತದೆ. ಪ್ರಮಾಣ ಅಲ್ಪ, ಸಾಂದ್ರತೆ ಅಧಿಕ. ಆ ಚರಂಡಿಯ ಪಕ್ಕದಲ್ಲಿ ಕೊಳವೆಬಾವಿ ಇರುವವನಿಗೆ ಜಾಗತಿಕ ಸರಾಸರಿಯಿಂದ ಆಗಬೇಕಾದದ್ದೇನೂ ಇಲ್ಲ. ಅಲ್ಲದೆ ಹತ್ತಿಯ ಹೊಲವನ್ನು ಆಳುವ ಶಕ್ತಿ ಸಣ್ಣ ಉದ್ಯಮಿಗಿಲ್ಲ. ತೊಳೆತವನ್ನು ಆರಿಸುವ ಶಕ್ತಿ ಇದೆ. ಹೊಣೆಯು ಶಕ್ತಿಯನ್ನು ಅನುಸರಿಸುತ್ತದೆ.

ಬಳ್ಳಾರಿಯಲ್ಲಿ ಆದದ್ದನ್ನು ನೋಡಿ. ಓಣಿಓಣಿಗಳ ಮನೆಗಳಲ್ಲಿ ಹೊಲಿಗೆಯಂತ್ರಗಳು, ಸಾವಿರಾರು ಕುಟುಂಬಗಳ ಅನ್ನ, ದೇಶದ ಮೂಲೆಮೂಲೆಗೆ ಹೋಗುವ ಮಾಲು. ಮುಂಡರಗಿ ಕೈಗಾರಿಕಾ ಪ್ರದೇಶದ ತೊಳೆತದ ಘಟಕಗಳ ಬಣ್ಣದ ನೀರಿನ ಬಗ್ಗೆ ವರ್ಷಗಳ ಕಾಲ ದೂರುಗಳು ಬಂದವು. ಮಾಲಿನ್ಯ ನಿಯಂತ್ರಣ ಮಂಡಳಿಯು ಕೊನೆಗೆ ಮುಚ್ಚುವ ಆದೇಶಗಳನ್ನು ಹೊರಡಿಸಿತು. ತೊಳೆತ ನಿಂತರೆ ಹೊಲಿಗೆಯೂ ನಿಲ್ಲುತ್ತದೆ. ದಿನಗೂಲಿಯವರು ಬೀದಿಗೆ ಬರುತ್ತಾರೆ. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ರಾಹುಲ್ ಗಾಂಧಿಯವರು ಬಳ್ಳಾರಿಯನ್ನು ಜೀನ್ಸ್ ರಾಜಧಾನಿಯನ್ನಾಗಿಸಲು 5,000 ಕೋಟಿ ರೂಪಾಯಿಗಳ ಭರವಸೆ ಕೊಟ್ಟರು. ಅದಕ್ಕೆ ಮುಂಚೆ ರಾಜ್ಯವನ್ನಾಳಿದ ಪಕ್ಷಗಳಲ್ಲಿ ಯಾವುದೂ ಈ ಉದ್ಯಮಕ್ಕೆ ಬೇಕಾದ ಸಾಮೂಹಿಕ ಸಂಸ್ಕರಣಾ ವ್ಯವಸ್ಥೆಯನ್ನು ಚುನಾವಣೆಯ ವಿಷಯವಾಗಿಸಲಿಲ್ಲ. ಪಾರ್ಕು, ರಾಜಧಾನಿ, ಕ್ಲಸ್ಟರು ಎಂಬ ಪದಗಳಿಗೆ ಶಿಲಾನ್ಯಾಸದ ಕಲ್ಲು ಸಿಗುತ್ತದೆ. ತ್ಯಾಜ್ಯನೀರಿನ ಸಂಸ್ಕರಣಾ ಘಟಕಕ್ಕೆ ಬೇಕಾದದ್ದು ಬೇರೆ: ಪ್ರತಿದಿನದ ವಿದ್ಯುತ್ತು, ರಾಸಾಯನಿಕ, ನಿರ್ವಾಹಕನ ಸಂಬಳ ಮತ್ತು ಅದನ್ನು ಹಂಚಿಕೊಳ್ಳುವ ಒಂದು ನ್ಯಾಯವಾದ ಸೂತ್ರ. ಅದನ್ನು ಕೊಡುವ ರಾಜಕಾರಣ ನಮ್ಮಲ್ಲಿ ಯಾವ ಬಣ್ಣದ ಬಾವುಟದಡಿಯೂ ಕಾಣುತ್ತಿಲ್ಲ.

ತಿರುಪ್ಪೂರು ಈ ಪಾಠವನ್ನು ಮೊದಲೇ ಕಲಿತಿದೆ. ನೊಯ್ಯಲ್ ನದಿಗೆ ಬಿಟ್ಟ ಬಣ್ಣ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತು, ಕೆಳಗಿನ ರೈತರ ಭೂಮಿ ಕೆಟ್ಟು, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿಯೂ ಹೊರಬಿಡದ ವ್ಯವಸ್ಥೆಗೆ ಅಲ್ಲಿನ ಉದ್ಯಮ ಸಾಲ ಮಾಡಿ ಹೊರಳಬೇಕಾಯಿತು. ದಶಕಗಳ ಕಾಲ ಪುಸ್ತಕಕ್ಕೆ ಬಾರದ ಖರ್ಚು ಒಂದೇ ದಿನ ನ್ಯಾಯಾಲಯದ ಆದೇಶವಾಗಿ ಬಂದಿತು. ದೊಡ್ಡವರು ತಡೆದುಕೊಂಡರು, ಸಣ್ಣವರು ಮುಳುಗಿದರು. ಮುಂದೂಡಿದ ಹೊಣೆಯನ್ನು ಲಾಭವೆಂದು ತೋರಿಸುವ ಆಯವ್ಯಯ ಪತ್ರ ಸುಳ್ಳು ಆಯವ್ಯಯ ಪತ್ರವೆಂದು ನಮಗೆ ಮೊದಲ ವರ್ಷದ ಪಾಠದಲ್ಲೇ ಹೇಳಿಕೊಟ್ಟಿರುತ್ತಾರೆ.

ಸುಸ್ಥಿರತೆ ಎಂದರೆ ನೀರೊಂದೇ ಅಲ್ಲ. ಹೊಲಿಗೆಯವನಿಗೆ ಹಣ ಯಾವಾಗ ತಲುಪುತ್ತದೆ ಎಂಬುದೂ ಅದರೊಳಗೆ ಸೇರಿದೆ. ತತ್ತ್ವಾರ್ಥಸೂತ್ರವು ಅಹಿಂಸಾವ್ರತದ ಅತಿಚಾರಗಳಲ್ಲಿ ಅತಿಭಾರವನ್ನು ಹೇರುವುದನ್ನೂ ಅನ್ನಪಾನಗಳನ್ನು ತಡೆಯುವುದನ್ನೂ ಎಣಿಸುತ್ತದೆ. ಸಾಕಿದ ಪ್ರಾಣಿಗೆ ಮೇವು ತಡಮಾಡಿದರೆ ಪಾಪವೆಂದು ನಂಬುವ ನಾವು, ಜಾಬ್‌ವರ್ಕಿನವನ ಬಿಲ್ಲನ್ನು ನಾಲ್ಕು ತಿಂಗಳು ತಡೆಹಿಡಿದರೆ ಅದನ್ನು ‘ಕ್ರೆಡಿಟ್ ಪಿರಿಯಡ್’ ಎನ್ನುತ್ತೇವೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನಗಳ ಒಳಗೆ ಪಾವತಿಯಾಗಬೇಕು; ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಾಲದೆಂದು 2023ರ ಹಣಕಾಸು ಕಾಯಿದೆಯು ಆದಾಯ ತೆರಿಗೆಯ 43ಬಿ ಕಲಮಿಗೆ ಒಂದು ಉಪಬಂಧವನ್ನು ಸೇರಿಸಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಕೊಟ್ಟ ವರ್ಷವೇ ಅದು ಖರ್ಚು.

ಆ ಉಪಬಂಧ ಜಾರಿಗೆ ಬಂದಾಗ ವ್ಯಾಪಾರಿ ಲೋಕ ಏನು ಮಾಡಿತು? ಬಾಕಿಯನ್ನು ತೀರಿಸಿದವರುಂಟು. ಆದರೆ ಸರಬರಾಜುದಾರನಿಗೆ ಉದ್ಯಮ ನೋಂದಣಿಯನ್ನೇ ರದ್ದುಮಾಡಿಕೊ ಎಂದವರೂ, ಬಿಲ್ಲಿನ ತಾರೀಖನ್ನು ಮುಂದಕ್ಕೆ ಹಾಕಿಸಿಕೊಂಡವರೂ ಉಂಟು. ಬಡವನ ಕೈಯಿಂದ ಅವನ ಕಾನೂನಿನ ಕವಚವನ್ನೇ ಕಳಚಿಸುವ ಈ ಜಾಣತನಕ್ಕೆ ತತ್ತ್ವಾರ್ಥಸೂತ್ರದಲ್ಲಿ ಹೆಸರಿದೆ: ಕೂಟಲೇಖಕ್ರಿಯೆ. ಸುಳ್ಳು ದಸ್ತಾವೇಜು ಸತ್ಯವ್ರತದ ಅತಿಚಾರ. ಬಟ್ಟೆ ಸಾವಯವ ಹತ್ತಿಯದಾಗಿದ್ದರೂ, ಹೊಲಿದವನಿಗೆ ದೀಪಾವಳಿಯ ಬಿಲ್ಲು ಯುಗಾದಿಗೆ ಸಿಕ್ಕರೆ ಆ ವಸ್ತ್ರದಲ್ಲಿ ಅಹಿಂಸೆಯ ಎಳೆಯಿಲ್ಲ.

ಮೂರನೆಯದು ಚೀಟಿಯ ಸತ್ಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಪರಿಸರದ ಹೆಸರಿನ ಸುಳ್ಳು ಜಾಹೀರಾತುಗಳ ವಿರುದ್ಧ ಮಾರ್ಗಸೂಚಿಗಳನ್ನು ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’ ಎಂಬಂಥ ಮೊಗಮ್ಮಾದ ಮಾತುಗಳಿಗೆ ವಿವರಣೆ ಮತ್ತು ಆಧಾರ ಇರಬೇಕೆಂಬುದು ಅದರ ಸಾರ. ಒಂದು ಪದಾರ್ಥವನ್ನು ಇನ್ನೊಂದೆಂದು ಮಾರುವ ಪ್ರತಿರೂಪಕ ವ್ಯವಹಾರವನ್ನು ಅಚೌರ್ಯವ್ರತದ ಅತಿಚಾರವೆಂದು ಉಮಾಸ್ವಾತಿಗಳು ಎಣಿಸಿ ಎಷ್ಟೋ ಶತಮಾನಗಳಾದ ಮೇಲೆ ಸರ್ಕಾರದ ಸುತ್ತೋಲೆ ಬಂದಿದೆ. ಆದರೂ ಸ್ಟ್ರೆಚ್ ಬರಲೆಂದು ಎಲಾಸ್ಟೇನ್ ಬೆರೆಸಿದ, ಮರುಬಳಕೆಗೆ ಕಷ್ಟವಾದ ಬಟ್ಟೆಗೆ ಎಲೆಯ ಚಿತ್ರವಿರುವ ಕಂದುಬಣ್ಣದ ಚೀಟಿ ಕಟ್ಟಿ ಮಾರುವುದು ನಡೆದೇ ಇದೆ. ಅದು ಕಾನೂನಿಗೆ ಗ್ರಾಹಕವಂಚನೆ, ನಮಗೆ ಕಳ್ಳತನ.

‘ಸಣ್ಣವರಿಗೆ ಇದೆಲ್ಲ ಎಲ್ಲಿ ಸಾಧ್ಯ?’ ಎಂಬ ಆಕ್ಷೇಪ ಬರುತ್ತದೆ. ಇದು ಪ್ರಾಮಾಣಿಕ ಆಕ್ಷೇಪ. ಆದ್ದರಿಂದ ಲೆಕ್ಕದಿಂದಲೇ ಉತ್ತರಿಸಬೇಕು. ಒಂದು ಊಹೆಯ ಉದ್ಯಮವನ್ನು ತೆಗೆದುಕೊಳ್ಳೋಣ: ತಿಂಗಳಿಗೆ 400 ಜೀನ್ಸ್, ತಲಾ 1,800 ರೂಪಾಯಿ. ಸಂಸ್ಕರಣೆಯಿರುವ ಘಟಕದಲ್ಲಿ ತೊಳೆಸಲು ತುಂಡಿಗೆ 25 ರೂಪಾಯಿ ಹೆಚ್ಚಾಗುತ್ತದೆ ಎನ್ನೋಣ. ತಿಂಗಳಿಗೆ 10,000 ರೂಪಾಯಿ. ಅದೇ ಉದ್ಯಮಿ ನಾಲ್ಕರಲ್ಲೊಂದು ಪ್ಯಾಂಟನ್ನು ಶೇಕಡಾ 10 ರಿಯಾಯಿತಿಗೆ ಮಾರಿದರೆ ತಿಂಗಳಿಗೆ 18,000 ರೂಪಾಯಿ ಬಿಟ್ಟುಕೊಡುತ್ತಾನೆ. ಅದನ್ನು ಯಾರೂ ಅಸಾಧ್ಯವೆನ್ನುವುದಿಲ್ಲ. ಇನ್ನು ತೊಳೆಯದ ಕಚ್ಚಾ ಡೆನಿಮ್ಮನ್ನೋ, ಒಮ್ಮೆ ನೀರಿನಲ್ಲಿ ಅದ್ದಿದ್ದನ್ನೋ ಮಾರಿದರೆ ಖರ್ಚು ಇಳಿಯುತ್ತದೆ. ಕಲ್ಲಿನ ಬದಲು ಕಿಣ್ವ ಬಳಸಿದರೆ ಕೆಸರು ಕಡಿಮೆಯಾಗುತ್ತದೆ. ಆರ್ಡರು ಬಂದ ಮೇಲೆ ಹೊಲಿದರೆ ಮಾರಾಟವಾಗದ ದಾಸ್ತಾನು ಉಳಿಯುವುದಿಲ್ಲ. ಸತ್ತ ದಾಸ್ತಾನೆಂದರೆ ಯಾರೂ ತೊಡದ ವಸ್ತ್ರಕ್ಕೆ ಸುರಿದ ನೀರು. ಕತ್ತರಿಸುವಾಗ ಉಳಿಯುವ ತುಂಡುಗಳಿಂದ ಚೀಲ ಹೊಲಿಯಬಹುದು. ಹರಿದದ್ದನ್ನು ರಿಪೇರಿ ಮಾಡಿಕೊಡುವ ಸೇವೆಯಿಂದ ಗ್ರಾಹಕ ಮರಳಿ ಬರುತ್ತಾನೆ. ಈ ವಿಷಯದಲ್ಲಿ ಸಣ್ಣವನಿಗೆ ದೊಡ್ಡವನಿಗಿಂತ ಅನುಕೂಲವೇ ಹೆಚ್ಚು: ತನ್ನ ತೊಳೆತದವನ ಮುಖ ಅವನಿಗೆ ಗೊತ್ತು.

ಆದರೆ ಎಲ್ಲವನ್ನೂ ಸಣ್ಣ ಉದ್ಯಮಿಯ ತಲೆಗೆ ಕಟ್ಟಿ ಸಮಾಜ ಜಾರಿಕೊಳ್ಳುವಂತಿಲ್ಲ. ಉದ್ಯಮಿಗೆ ಸಾಲ ಕೊಡುವವರು ಯಾರು? ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರಗಳ ಸೀಮೆಯಲ್ಲಿ ನಮ್ಮವರೇ ಕಟ್ಟಿದ ಪತ್ತಿನ ಸಂಘಗಳಿವೆ. ಜಾಮೀನುದಾರರ ಸಹಿ, ಆಸ್ತಿಯ ಉತಾರ, ಆಧಾರ್ ಎಲ್ಲವನ್ನೂ ಕೇಳುವ ಆ ಸಂಘಗಳು, ಬಟ್ಟೆಯ ವ್ಯಾಪಾರಕ್ಕೆ ಸಾಲ ಕೊಡುವಾಗ ‘ನಿನ್ನ ತೊಳೆತದ ಘಟಕಕ್ಕೆ ಮಾಲಿನ್ಯ ಮಂಡಳಿಯ ಸಮ್ಮತಿಪತ್ರ ಇದೆಯೇ’ ಎಂದು ಕೇಳಲಿ. 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಪಡೆದ ಮೇಲೆ ಆ ಹೆಸರಿನ ಸಾಲ ಸವಲತ್ತುಗಳಿಗೆ ಅರ್ಜಿ ಹಾಕಿಸಲು ನಮ್ಮ ಸಂಘಟನೆಗಳು ಶಿಬಿರ ನಡೆಸುತ್ತವೆ. ಅಲ್ಪಸಂಖ್ಯಾತ ಸ್ಥಾನವನ್ನು ಕೇಳಿದ್ದು ಧರ್ಮದ ವೈಶಿಷ್ಟ್ಯದ ಹೆಸರಿನಲ್ಲಿ. ಸಾಲವನ್ನು ಬಳಸುವಾಗಲೂ ಆ ವೈಶಿಷ್ಟ್ಯ ಕಾಣಲಿ.

ಕೊನೆಯದಾಗಿ ಬಸದಿಯ ಸವಾಲು. ಅಭಿಷೇಕದ ಮೊದಲ ಕಲಶಕ್ಕೆ ಲಕ್ಷಗಳನ್ನು ಕೂಗುವ ಕೈಗಳು ತೊಳೆತದ ಬಿಲ್ಲಿನಲ್ಲಿ ಐದು ರೂಪಾಯಿಗೆ ಚೌಕಾಸಿ ಮಾಡಿರುತ್ತವೆ. ಕಲಶದ ನೀರು ಶುದ್ಧವಾಗಿರಬೇಕೆಂದು ನಾವು ಮೂರು ಸಲ ಸೋಸುತ್ತೇವೆ. ಕಲಶದ ಹಣವನ್ನು ಒಮ್ಮೆಯೂ ಸೋಸುವುದಿಲ್ಲ. ದಾನದ ಹಣದ ಒಂದು ಪಾಲನ್ನು ಸಾಮೂಹಿಕ ಸಂಸ್ಕರಣಾ ಘಟಕಗಳಿಗೆ ಬಡ್ಡಿಯಿಲ್ಲದ ಸಾಲವಾಗಿ ಕೊಡುವುದು ಜೀವದಯೆಯಲ್ಲವೆಂದು ಯಾವ ಆಚಾರ್ಯರು ಹೇಳುತ್ತಾರೆ? ಗೋಶಾಲೆಗೆ ಕೊಡುವುದು ಪುಣ್ಯವಾದರೆ, ಹಸು ಕುಡಿಯುವ ನೀರನ್ನು ಕಾಯುವುದೂ ಪುಣ್ಯವೇ. 1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದ ಹಿರಿಯರು ದಾನವನ್ನು ವಿದ್ಯೆಯ ಕಡೆಗೆ, ವಿದ್ಯಾರ್ಥಿನಿಲಯಗಳ ಕಡೆಗೆ ತಿರುಗಿಸಿದರು. ಅದನ್ನು ಧರ್ಮಬಾಹಿರವೆಂದು ಇಂದು ಯಾರೂ ಹೇಳುವುದಿಲ್ಲ.

ಆದ್ದರಿಂದ ಬರುವ ದಶಲಕ್ಷಣ ಪರ್ವದ ಉತ್ತಮ ಶೌಚದ ದಿನ ಪ್ರತಿಯೊಂದು ಬಸದಿಯಲ್ಲಿಯೂ ಒಂದು ಸಭೆ ನಡೆಯಲಿ. ವಸ್ತ್ರವ್ಯಾಪಾರದಲ್ಲಿರುವ ಶ್ರಾವಕರು ಮೂರು ಕಾಗದಗಳನ್ನು ತರಲಿ: ತಮ್ಮ ತೊಳೆತದ ಘಟಕದ ಸಮ್ಮತಿಪತ್ರದ ಪ್ರತಿ, 45 ದಿನ ಮೀರಿದ ಬಾಕಿಗಳ ಪಟ್ಟಿ, ತಮ್ಮ ಚೀಟಿಯ ಮೇಲಿನ ಪ್ರತಿಯೊಂದು ಮಾತಿಗೂ ಇರುವ ಆಧಾರ. ಯಾರನ್ನೂ ಅವಮಾನಿಸಬೇಕಾಗಿಲ್ಲ, ಯಾರ ಹೆಸರನ್ನೂ ಕೂಗಬೇಕಾಗಿಲ್ಲ. ಕಾಗದಗಳಿಲ್ಲದವರಿಗೆ ಮುಂದಿನ ಪರ್ವದವರೆಗೆ ಒಂದು ವರ್ಷದ ಅವಧಿ ಕೊಡೋಣ. ಆ ಕಾಗದಗಳನ್ನು ಸಿದ್ಧಪಡಿಸಿಕೊಳ್ಳಲು ನಮ್ಮ ಸಮಾಜದ ಲೆಕ್ಕಪರಿಶೋಧಕರು ಶುಲ್ಕವಿಲ್ಲದೆ ನೆರವಾಗಲಿ. ಆ ವರ್ಷ ಕಳೆದ ಮೇಲೂ ಕಾಗದ ತರದವರ ಸವಾಲನ್ನು ಬಸದಿಯ ಆಡಳಿತ ಮಂಡಳಿ ಸ್ವೀಕರಿಸಬಾರದು.